ಸವಳು ಬಾವಿಯ ಬಾಣಂತಿ

ಲಿಂಗ ಕಟ್ಟಿಕೊಂಡೋರ ಮನಿಗೆ ಸೊಸಿ ಮೀನು ತಗೊಂಡು ಬಂದಾಳ ಅಂತ ಸಿರುಗುಪ್ಪದಾಗ ಸುದ್ದಿ ಹಬ್ಬಾಕ ಹೊತ್ತು ಹಿಡೀಲಿಲ್ಲ. ಆ ಸೊಸಿ ನಾನೇ, ದಾಕ್ಷಾಯಣಿ. ಬಳ್ಳಾರಿ ಕಂಟೋನ್ಮೆಂಟಿನ್ಯಾಗ ಹುಟ್ಟಿ ಬೆಳೆದಾಕಿ, ಎಪ್ಪತ್ಮೂರನೇ ಇಸ್ವಿ ಫಾಲ್ಗುಣದಾಗ ಮದುವಿಯಾಗಿ ಈ ಊರಿಗೆ ಬಂದೆ. ಟ್ರಂಕಿನ್ಯಾಗ ಸೀರಿ, ಚೀಲದಾಗ ಹೋಳಿಗಿ, ತೊಡಿ ಮ್ಯಾಲೆ ಪೆಪ್ಪರಮಿಂಟ್ ಅಂಗಡಿಯ ದೊಡ್ಡ ಗಾಜಿನ ಭರಣಿ. ಭರಣಿಯೊಳಗ ಎರಡು ಮೀನು. ಬಸ್ಸಿನ್ಯಾಗ ಹಿಂದಿನ ಸೀಟಿನ ಮುದುಕ "ಸಾರಿಗೇನವ್ವ?" ಅಂತ ಕೇಳಿದ. "ನಿನ್ನ ತಿಥಿಗೆ" ಅನ್ನೋ ಮಾತು ನಾಲಿಗಿ ತುದಿಗೆ ಬಂದಿತ್ತು. ಹೊಸ ಮದುಮಗಳು ಅಂತ ನುಂಗಿಕೊಂಡೆ.

ಅವು ತಿನ್ನೋ ಮೀನಲ್ಲ. ಹೆಬ್ಬೆರಳಿನಷ್ಟು ಉದ್ದ, ಎಳೆ ವೀಳ್ಯದೆಲಿಯಂಗ ಚಪ್ಪಟಿ, ಮೈ ಅರಿಶಿಣದ ಬಣ್ಣ, ಪಕ್ಕದಾಗ ಒಂದು ಕರಿ ಬೊಟ್ಟು. ನಮ್ಮಪ್ಪ ರೈಲ್ವೆ ಗೂಡ್ಸ್ ಆಫೀಸಿನ್ಯಾಗ ಇದ್ದ. ಪಕ್ಕದ ಕ್ವಾರ್ಟರ್ಸಿನ್ಯಾಗ ಮಂಗಳೂರು ಕಡಿಯ ಗಾರ್ಡ್ ಸಾಹೇಬ್ರು. ಅವರ ವರಾಂಡದಾಗ ಒಂದು ಗಾಜಿನ ತೊಟ್ಟಿ ಇತ್ತು, ಸಾಲಿ ಬಿಟ್ಟ ಕೂಡಲೇ ನಾನು ಅದರ ಮುಂದ ಹಾಜರು. ಗಾಜಿಗೆ ಮೂಗು ಹಚ್ಚಿ ನಿಂತ್ರ ಹೊರಗಿನ ಬಳ್ಳಾರಿ ಬಿಸಿಲು, ಧೂಳು, ನಮ್ಮವ್ವನ ಕೂಗು ಎಲ್ಲ ಎಲ್ಲೋ ದೂರ ಹೋಗಿಬಿಡತಿತ್ತು. ಸಾಹೇಬ್ರಿಗೆ ವರ್ಗ ಆದಾಗ ಅವರು ಉಳಿದಿದ್ದ ಜೋಡಿ ನನ್ನ ಕೈಗೆ ಕೊಟ್ಟು ಹೋದ್ರು. "ನದಿ ಹೋಗಿ ಸಮುದ್ರ ಸೇರುವಲ್ಲಿ ಇರುವ ಮೀನು ಮಾರಾಯ್ತಿ ಇವು. ಪೂರ್ತಿ ಸಿಹಿಯೂ ಆಗುವುದಿಲ್ಲ, ಪೂರ್ತಿ ಉಪ್ಪೂ ಆಗುವುದಿಲ್ಲ. ನೀರಿಗೆ ಸ್ವಲ್ಪ ಉಪ್ಪು ಹಾಕ್ತಾ ಇರು" ಅಂದ್ರು.

ಹಾಕಿದೆ. ನಳದ ನೀರಿಗೆ ಚಿಟಿಕಿ ಹರಳುಪ್ಪು. ಬದುಕಿದ್ವು ಅಷ್ಟೇ. ಬಾಡಿಗಿ ಮನ್ಯಾಗ ಇರೋರಂಗ ಮೂಲಿ ಹಿಡಿದು ಕೂತಿರತಿದ್ವು, ರೆಕ್ಕಿ ಮುದುಡಿಕೊಂಡು. ಮರಿ ಗಿರಿ ಏನೂ ಮಾಡ್ಲಿಲ್ಲ. ನಮ್ಮಣ್ಣ ವಿರೂಪಾಕ್ಷ, "ಬಂಜಿ ಮೀನು ಕಣೆ ಇವು, ಎಸೆದು ಬಿಡು" ಅಂತಿದ್ದ. ಎಸೀಲಿಲ್ಲ, ಗಂಡನ ಮನಿಗೆ ತಂದೆ.

ಗಂಡನ ಮನ್ಯಾಗ ಇದ್ದದ್ದು ಇಬ್ರೇ, ತಾಯಿ ಮಗ. ಗಂಡನ ಹೆಸರು ಹೇಳಬಾರದು ಅಂತಾರ, ನಾನು ಹೇಳ್ತೀನಿ, ಕೊಟ್ರಬಸಪ್ಪ. ಅಕ್ಕಿ ಗಿರಣ್ಯಾಗ ಕೆಲಸ, ಮೈತುಂಬ ತೌಡು, ಬಾಯಾಗ ಮಾತಿಲ್ಲ. ಅವರ ಪಾಲಿನ ಮಾತೆಲ್ಲ ಅವರ ತಾಯಿ ಚನ್ನವೀರಮ್ಮನ ಬಾಯಿಗೆ ಹೋಗಿ ಸೇರಿತ್ತು. ನಮ್ಮತ್ತಿ ಭರಣಿ ನೋಡಿದ್ದೇ ತಡ, ಸೆರಗು ಮೂಗಿಗೆ ಹಿಡಕೊಂಡ್ರು. "ಪೂಜಿ ಮಾಡೋ ಮನಿ ಇದು. ಅಡಗಿ ಮನಿ ಹೊಸ್ತಿಲು ದಾಟಿಸಿದ್ರ ನಿನ್ನೂ ಸೇರಿಸಿ ಹೊರಗ ಇಡ್ತೀನಿ" ಅಂದ್ರು. ಭರಣಿ ಹಿತ್ತಲ ಕಟ್ಟಿ ಮ್ಯಾಲೆ ಕೂತಿತು.

ಆ ಹಿತ್ತಲದಾಗ ಬಾವಿ. "ಸವಳು ಬಾವಿ ಮನಿ" ಅಂದ್ರೇನೇ ಊರಾಗ ನಮ್ಮ ಮನಿ ಗುರುತು. ಆ ನೀರಾಗ ಬ್ಯಾಳಿ ಬೇಯಂಗಿಲ್ಲ, ಸಬಕಾರ ನೊರಿ ಕೊಡಂಗಿಲ್ಲ, ತಲಿ ತೊಳಕೊಂಡ್ರ ಕೂದಲು ನಾರಿನಂಗ ಆಗ್ತಾವು. ಹಗ್ಗ ಉಜ್ಜಿದ ಕಲ್ಲಿನ ಮ್ಯಾಲೆ ಉಪ್ಪು ಬೆಳ್ಳಗ ಹೂ ಬಿಟ್ಟಿರತಿತ್ತು. ಬಳಸಾಕ ಬಾವಿ ನೀರು, ಕುಡಿಯಾಕ ಅಡಗಿಗೆ ಸಿಹಿನೀರು. ಸಿಹಿನೀರು ಕಾಲುವಿಯಿಂದ ಹೊತ್ತು ತರಬೇಕು. ಬ್ಯಾಸಿಗ್ಯಾಗ ಕಾಲುವಿ ಬಂದ್ ಆತಂದ್ರ ಹಳ್ಳಕ್ಕ ಹೋಗಿ ಉಸುಕಿನ್ಯಾಗ ಒರತಿ ತೋಡಿ, ಜಿನುಗಿದಷ್ಟು ನೀರು ಚರಿಗಿಲೆ ಗೋರಿ ಗೋರಿ ಕೊಡ ತುಂಬಿಸಬೇಕು. ಹಂಗಾಗಿ ಬಂದೋರಿಗೆ ಒಂದು ಚರಿಗಿ ಸಿಹಿನೀರು ಕೊಟ್ರ ಅದಕ್ಕಿಂತ ದೊಡ್ಡ ಮರ್ಯಾದಿ ಈ ಮನ್ಯಾಗ ಇಲ್ಲ. ಉಪ್ಪು ತಿಂದೋರು ನೀರು ಕುಡೀಬೇಕು ಅಂತಾರಲ್ಲ, ಇಲ್ಲಿ ನೀರು ಕುಡಿದ್ರೇ ಉಪ್ಪು ತಿಂದಂಗ.

ಇದನ್ನ ಮದುವಿಗೆ ಮೊದಲು ಯಾರೂ ಹೇಳಿರಲಿಲ್ಲ ನನಗ. ಹುಡುಗ ಒಳ್ಳೇವ, ಮನಿ ಸ್ವಂತದ್ದು, ಎಮ್ಮಿ ಐತಿ ಅಂದ್ರು. ಬಾವಿ ಸುದ್ದಿ ಎತ್ತಲಿಲ್ಲ. ತಲಿ ಮ್ಯಾಲೆ ಕೊಡ ಹೊತ್ತು ಕುತ್ತಿಗಿ ಹಿಡಕೊಂಡಾಗೆಲ್ಲ ನಳ ತಿರುವಿದ್ರ ನೀರು ಬರೋ ನಮ್ಮ ಕ್ವಾರ್ಟರ್ಸ್ ನೆನಪಾಗಿ ಅಳು ಬರತಿತ್ತು. ನನಗ ಭಾಳ ಸಿಟ್ಟಿತ್ತು. ಆಷಾಢಕ್ಕ ಹೊಸ ಸೊಸಿ ತವರಿಗೆ ಹೋಗೋದು ಪದ್ಧತಿ ಅಲ್ಲೇನು, ಅತ್ತಿ ಸೊಸಿ ಆ ತಿಂಗಳು ಒಂದೇ ಹೊಸ್ತಿಲು ದಾಟಬಾರದು. ಹೋದಾಕಿ ತಿರುಗಿ ಬರಂಗಿಲ್ಲ ಅಂತ ಮನಸಿನ್ಯಾಗ ಗಂಟು ಹಾಕಿಬಿಟ್ಟೆ.

ಭರಣಿ ನೀರು ಮಬ್ಬಾದಾಗ ಅತ್ತಿ ಹತ್ರ ಒಂದು ತಂಬಿಗಿ ಸಿಹಿನೀರು ಕೇಳಿದೆ.

"ಮನುಷ್ಯರ ಗಂಟಲಿಗೇ ಇಲ್ಲ, ಮೀನಿನ ಅಂಡಿಗೆ ಎಲ್ಲಿಂದ ತರಲಿ? ಬಾವ್ಯಾಗಿಂದು ಹಾಕ್ಕ" ಅಂದ್ರು.

ಸತ್ರ ಸಾಯಲಿ, ಪಾಪ ಇವರಿಗೇ ಬರ್ಲಿ ಅಂತ ಸಿಟ್ಟಿನ್ಯಾಗ ಬಾವಿ ನೀರು ಸೇದಿ ಹಾಕಿದೆ. ಒಳಗ ಹೋಗಿ ರೊಟ್ಟಿ ಬಡಿದು ಬಂದು ನೋಡ್ತೀನಿ, ಮೀನು ಸತ್ತಿಲ್ಲ. ಮುದುಡಿದ ರೆಕ್ಕಿ ಬಿಚ್ಚ್ಯಾವು. ಮೈ ಮ್ಯಾಲಿನ ಹಳದಿ, ಅರಿಶಿಣದ ಕೊಂಬು ಆಗ ತಾನೇ ತೇಯ್ದಂಗ ಹಸಿ ಹಸಿ ಹೊಳಿತೈತಿ. ಕಂಟೋನ್ಮೆಂಟಿನ್ಯಾಗ ಒಂದು ದಿನಾನೂ ಹಂಗ ಆಡಿರಲಿಲ್ಲ ಅವು. ಭರಣಿ ತುಂಬ ಒಂದರ ಹಿಂದ ಒಂದು ಸುತ್ತತಿದ್ವು. ನಾನು ಕೈಯಾಗಿನ ಹಿಟ್ಟು ತೊಳಕೊಳ್ಳದಂಗ ಅಲ್ಲೇ ಕೂತೆ. ಸಂತೋಷ ಆಗಿ ಹೊಟ್ಟಿ ಉರೀತು. ನನಗ ಹತ್ತದ ನೀರು ಇವಕ್ಕ ಹತ್ತಿತಲ್ಲ ಅಂತ.

ಬಾವಿ ಪಕ್ಕ ಬೇವಿನ ಮರದ ಕೆಳಗ ಒಂದು ಕಲ್ಲಬಾನಿ ಇತ್ತು, ಹಿಂದೆ ಎತ್ತು ನೀರು ಕುಡೀತಿದ್ದ ಉದ್ದಾನ ಕಲ್ಲಿನ ತೊಟ್ಟಿ. ಎತ್ತು ಮಾರಿದ ಮ್ಯಾಲೆ ಒಣಗಿ ಬಿದ್ದಿತ್ತು. ನಮ್ಮ ಮನಿಯವರು ಒಂದು ಮುಂಜಾನೆ ಗಿರಣಿಗೆ ಹೋಗೋಕಿಂತ ಮೊದಲು ಅದನ್ನ ತಿಕ್ಕಿ, ಬಾವಿ ನೀರು ತುಂಬಿಸಿ, "ಭರಣಿ ಸಣ್ಣದಾತು" ಅಂತಂದು ಹೋದ್ರು. ಮದುವಿ ಆದ ಮ್ಯಾಲೆ ಅವರು ತಾವಾಗೇ ಆಡಿದ ಮೊದಲ ಮಾತು ಅದು ಅಂದ್ರೂ ತಪ್ಪಿಲ್ಲ. ನಾನು ಬಟ್ಟಿ ಒಗಿಯೋ ಬಂಡಿಗಲ್ಲಿನ ಒಡೆದ ಚೂರೊಂದು ಒಳಗ ಇಟ್ಟೆ, ನೆರಳಾಗಲಿ ಅಂತ.

ಆಮ್ಯಾಲಿನ ಮಧ್ಯಾಹ್ನಗಳು ನನಗ ಈಗಲೂ ಕನಸಿನ್ಯಾಗ ಬರ್ತಾವು. ಊರೆಲ್ಲ ಬಾಗಿಲು ಹಾಕ್ಕೊಂಡು ಮಲಗಿರತಿತ್ತು. ಗಿರಣಿ ಸದ್ದು ದೂರದಿಂದ ಗುಂಯ್ ಅಂತ ಬರತಿತ್ತು, ಒಮ್ಮೊಮ್ಮೆ ಅದು ನನ್ನ ತಲಿ ಒಳಗೇ ಆಗಾಕತ್ತೈತಿ ಅನಿಸತಿತ್ತು. ಬಾನಿ ದಂಡಿಗೆ ಗದ್ದ ಊರಿ ಮಲಗಿದ್ರ ಬೇವಿನ ಹೂವು ನೀರಿನ ಮ್ಯಾಲೆ ಉದುರತಿದ್ವು, ಎಲಿ ಸಂದಿಯ ಬಿಸಿಲು ತಳದಾಗ ಅಲುಗಾಡತಿತ್ತು. ಆ ಬಿಸಿಲಿನ್ಯಾಗ ಎರಡು ಹಳದಿ ಮೀನು ಬರ್ತಾವು, ಹೋಗ್ತಾವು. ನೋಡ್ತಾ ನೋಡ್ತಾ ಬಾನಿ ದೊಡ್ಡದಾಗತಿತ್ತು. ನಾನು ನೋಡದ ಸಮುದ್ರ, ನಾನು ನೋಡದ ಆ ಹೊಳಿ ಬಾಯಿ ಎಲ್ಲ ಬಂದು ಈ ಸುಡುಗಾಡು ಹಿತ್ತಲದಾಗ ನಿಂತಂಗ. ಅತ್ತಿ ಕೂಗಿದ್ರೂ ನನಗ ನೀರಿನ ಕೆಳಗಿಂದ ಕೇಳಿಸತಿತ್ತು.

"ಹೆಣ್ಣು ಹುಚ್ಚಿ ಆಗಾಕತ್ತೈತಿ" ಅಂತ ಅತ್ತಿ ಎಮ್ಮಿಗೆ ಹೇಳತಿದ್ರು. ಸಗಣಿ ಬಳಿಯಾಕ ಬರೋ ಹುಲುಗಮ್ಮ ಬಗ್ಗಿ ನೋಡಿ, "ಸಾಕೋದು ನೀವು ಸಾಕ್ರಿ ಅಮ್ಮಾರ, ತಿನ್ನೋದು ಬ್ಯಾಡಾದ್ರ ನಮ್ಮ ಮನಿ ದಾರಿ ಗೊತ್ತಲ್ಲ" ಅಂತ ನಗತಿದ್ಲು.

ವೈಶಾಖ ಕಳಿಯೋ ಹೊತ್ತಿಗೆ ಜೋಡಿ ಮೀನು ಆ ಕಲ್ಲಿನ ಚೂರನ್ನ ಬಾಯಿಲೆ ತಿಕ್ಕಾಕ ಹತ್ತಿದ್ವು. ಒಂದು ಕಡಿಯಿಂದ ಅದು, ಒಂದು ಕಡಿಯಿಂದ ಇದು. ಪಾಚಿ ಒಂದು ಎಳಿ ಉಳಿಯದಂಗ ತಿಕ್ಕಿ, ಅದರ ಮಗ್ಗುಲಿಗೆ ಸಣ್ಣ ಸಣ್ಣ ತತ್ತಿ ಹಚ್ಚಿದ್ವು, ರಾಗಿ ಕಾಳಿಗಿಂತ ಸಣ್ಣವು. ಆಮ್ಯಾಲೆ ಹಗಲೆಲ್ಲ ಸರದಿ ಮ್ಯಾಲೆ ರೆಕ್ಕಿಲೆ ಗಾಳಿ ಹಾಕೋದು. ಒಂದು ತಿನ್ನಾಕ ಹೋದ್ರ ಇನ್ನೊಂದು ಕಾವಲು.

ಅವತ್ತು ನಾನು ಬಾನಿ ಮುಂದ ಕೂತು ಗಟ್ಟಿಯಾಗೇ ಅಂದೆ. ದೇವರ ಮುಂದ ಕೂತು ಹೂ ಬಲಕ್ಕ ಬಿದ್ರ ಆಗಲಿ, ಎಡಕ್ಕ ಬಿದ್ರ ಬ್ಯಾಡ ಅಂತ ಪ್ರಸಾದ ಕೇಳ್ತಾರಲ್ಲ, ಹಂಗ. "ನೋಡ್ರೆವ್ವ, ಈ ಮನ್ಯಾಗ ನಿಮ್ಮ ಮರಿ ಉಳಿದ್ವು ಅಂದ್ರ ನಾನೂ ಉಳೀತೀನಿ. ಸತ್ವು ಅಂದ್ರ ಆಷಾಢಕ್ಕ ಹೋದಾಕಿ ಮತ್ತ ಈ ಹೊಸ್ತಿಲು ತುಳಿಯಂಗಿಲ್ಲ." ಎದ್ದು ತಿರುಗಿದ್ರ ಬಾವಿ ಕಟ್ಟಿ ಹತ್ರ ಅತ್ತಿ, ಕೈಯಾಗ ಹಗ್ಗ. ಕೇಳಿಸಿತೋ ಇಲ್ಲೋ ಗೊತ್ತಾಗಲಿಲ್ಲ. ಏನೂ ಅನ್ನದಂಗ ನೀರು ಸೇದಿಕೊಂಡು ಹೋದ್ರು. ಏನೂ ಅನ್ನದಂಗ ಹೋಗೋದು ಅವರ ಜಾಯಮಾನದಾಗೇ ಇರಲಿಲ್ಲ.

ತತ್ತಿ ಒಡೆದು ಮರಿ ಆದ್ವು. ಮೊದಲು ತಳದಾಗ ಒಂದು ಚೂರು ಹೊಗಿಯಂಗ ಕಂಡ್ವು, ಆಮ್ಯಾಲೆ ಆ ಹೊಗಿಗೆ ಕಣ್ಣು ಬಂದ್ವು, ಆಮ್ಯಾಲೆ ಈಜಾಕ ಹತ್ತಿದ್ವು. ತಾಯಿ ಹೋದ ಕಡಿ ಹಿಂಡು ಹೋಗೋದು. ಒಂದು ದಿನ ನೋಡ್ತೀನಿ, ಮರಿಗೋಳು ತಾಯಿ ಪಕ್ಕಿಗೆ, ಅಪ್ಪನ ಪಕ್ಕಿಗೆ ಬಾಯಿ ಹಚ್ಚಿ ಏನೋ ಚೀಪಾಕತ್ಯಾವು. ತಂದಿ ತಾಯಿ ಮೈ ಮ್ಯಾಲಿನ ಲೋಳಿ ತಿಂತಾವು ಅಂತ ಸಾಹೇಬ್ರು ಹೇಳಿದ್ದು ನೆನಪಾತು.

"ಮೊಲಿ ಕುಡದಂಗ ಐತೆಲ್ಲ" ಅಂತ ಹಿಂದಿನಿಂದ ದನಿ ಬಂತು. ಅತ್ತಿ. ಸೆರಗು ಮೂಗಿನ ಮ್ಯಾಲೆ ಇರಲಿಲ್ಲ. ಮೊಣಕಾಲು ಹಿಡಕೊಂಡು ಮೆಲ್ಲಕ ನನ್ನ ಪಕ್ಕ ಕೂತ್ರು. ಭಾಳ ಹೊತ್ತು ನೋಡಿದ್ರು. ಆಮ್ಯಾಲೆ ಮೀನಿಗೆ ಹೇಳಿದಂಗ ಹೇಳಿದ್ರು, "ನನಗ ತವರು ಇರಲಿಲ್ಲ. ಕೊಟ್ರನ್ನ ಇದೇ ಮನ್ಯಾಗ ಹಡೆದೆ. ನಮ್ಮತ್ತಿ ಮಾರಿ. ಆದ್ರ ಬಾಣಂತಿಗೆ ಸವಳು ನೀರು ಹಾಕಬಾರದು ಅಂತ ಹಳ್ಳದಿಂದ ಸಿಹಿನೀರು ಹೊತ್ತು ತಂದು ಕಾಸಿ ಎರೆದ್ಲು. ಈ ಮನಿಗೆ ಬಂದಾಗಿಂದ ಅಷ್ಟು ದಿನ ಮಾತ್ರ ನನ್ನ ತಲಿಗೆ ಸಿಹಿನೀರು ಬಿದ್ದದ್ದು. ಅದರ ವಾಸನಿ ಇನ್ನೂ ಮರ್ತಿಲ್ಲ."

ನೀರಿಗೆ ವಾಸನಿ ಇರತೈತಿ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

ಜ್ಯೇಷ್ಠದ ಕಡೀಗೆ ಕುರುಗೋಡಿನ್ಯಾಗ ನಮ್ಮ ಮನಿಯವರ ಚಿಕ್ಕಪ್ಪ ಹಾಲಸಿದ್ದಪ್ಪ ಹೊಸ ಮನಿ ಕಟ್ಟಿ ಗೃಹಪ್ರವೇಶ ಇಟ್ಕೊಂಡ್ರು. ಅತ್ತಿ ತಾನು ಬರಂಗಿಲ್ಲ, ಮೊಣಕಾಲು ನೋವು, ಎಮ್ಮಿ ಬಿಟ್ಟು ಬರಾಕ ಆಗಂಗಿಲ್ಲ ಅಂದ್ರು. ನನಗ ಮರಿ ಬಿಟ್ಟು ಹೋಗಾಕ ಜೀವ ಒಪ್ಪಲಿಲ್ಲ. "ನಾನು ಅದೀನಲ್ಲ, ಹೋಗು" ಅಂದ್ರು. ಹೋದ್ವಿ. ಗುಡ್ಡದ ಕೆಳಗಿನ ಆ ಊರಾಗ ಹೊಸ ಸುಣ್ಣದ ವಾಸನಿ, ಜನ, ಊಟ, ಹರಟಿ. ಎಲ್ಲದರ ನಡುವ ನನ್ನ ಕಣ್ಣ ಮುಂದ ಮಾತ್ರ ಹಳದಿ ಮೀನು, ಅದರ ಹಿಂದ ಹೊಗಿಯಂಥ ಹಿಂಡು. ನಮ್ಮಣ್ಣನೂ ಅಲ್ಲಿಗೇ ಬಂದಿದ್ದ, ಹಂಗೇ ನಮ್ಮ ಜೊತಿ ಸಿರುಗುಪ್ಪಕ್ಕ ಬಂದು ನನ್ನ ಆಷಾಢಕ್ಕ ಬಳ್ಳಾರಿಗೆ ಕರಕೊಂಡು ಹೋಗಾಕ.

ತಿರುಗಿ ಬರೋ ಬಸ್ಸು ತೆಕ್ಕಲಕೋಟೆ ಹತ್ರ ಕೆಟ್ಟು ನಿಂತು, ಮನಿ ಮುಟ್ಟೋ ಹೊತ್ತಿಗೆ ಅಣ್ಣನ ನಾಲಿಗಿ ಅಂಗುಳಕ್ಕ ಅಂಟಿತ್ತು. "ಮೊದಲು ಒಂದು ಚರಿಗಿ ನೀರು ಕೊಡವ್ವ" ಅಂದ. ಅಡಗಿ ಮನಿಗೆ ಹೋಗಿ ಸಿಹಿನೀರಿನ ಕೊಡ ಬಗ್ಗಿಸಿದೆ. ಖಾಲಿ. ಇನ್ನೊಂದು ಕೊಡ, ಅದೂ ಖಾಲಿ. ತಾಮ್ರದ ತಂಬಿಗಿ ಸೈತ ಬೋರಲು ಹಾಕಿತ್ತು. ಯಾವತ್ತೂ ಹಿಂಗ ಆಗಿದ್ದಿಲ್ಲ ಆ ಮನ್ಯಾಗ; ಬಂದೋರಿಗೆ ಅಂತ ತಂಬಿಗಿ ನೀರಾದ್ರೂ ಮುಚ್ಚಿಟ್ಟಿರತಿದ್ರು.

ಅತ್ತಿ ಹಿತ್ತಲ ಬಾಗಿಲಾಗ ಕೂತಿದ್ರು, ನನ್ನ ಮುಖ ನೋಡ್ಲಿಲ್ಲ. ಅವರ ಸೀರಿ ಅಂಚಿಗೆ ಹಳ್ಳದ ಉಸುಕು ಮೆತ್ತಿತ್ತು.

ಓಡಿ ಹೋಗಿ ಬಾನಿ ನೋಡಿದೆ. ನೀರು ತಿಳಿ ಇತ್ತು, ಭಾಳ ತಿಳಿ. ಪಾಚಿ ಕಂದಿ ತೇಲತಿತ್ತು. ಮರಿಗೋಳು ತಳದಾಗ ನುಚ್ಚು ಚೆಲ್ಲಿದಂಗ ಬೆಳ್ಳಗ ಬಿದ್ದಿದ್ವು. ಜೋಡಿ ಮೀನು ಬಣ್ಣ ಕಳಕೊಂಡು ಮೂಲ್ಯಾಗ ವಾಲಿ ನಿಂತು ಉಸಿರು ಎಳೀತಿದ್ವು. ಬೆರಳು ಅದ್ದಿ ನಾಲಿಗಿಗೆ ಹಚ್ಚಿಕೊಂಡೆ. ಸಿಹಿ.

"ಯಾರು ಹಾಕಿದ್ರು ಇದನ್ನ?" ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗ ಇತ್ತು. ಸಿಟ್ಟು ಹೆಚ್ಚಾದ್ರ ನನ್ನ ದನಿ ಏರಂಗಿಲ್ಲ, ಇಳೀತೈತಿ.

"ನಾನೇ" ಅಂದ್ರು ಅತ್ತಿ. "ಹಡೆದಾಕಿ ಅದು. ಹಸುಗೂಸಿನ ತಾಯಿ. ಹಡೆದಾಕಿನ ಸವಳು ನೀರಾಗ ಇಡೋದೇನು ಅಂತ ಇದ್ದ ನೀರೆಲ್ಲ ಮೊಗೆದು ಚೆಲ್ಲಿ, ಒರತಿ ನೀರು ತಂದು ಹಾಕಿದೆ. ನೀ ಅಂದಿದ್ದು ಕೇಳಿತ್ತು ನನಗ. ಅವು ಉಳಿದ್ರ ನೀ ಉಳೀತಿ ಅಂದಿದ್ದಿ. ಚೊಲೋ ನೀರು ಕುಡಿದು ಗಟ್ಟಿಯಾಗಲಿ, ಉಳೀಲಿ ಅಂತ..."

ಹಳ್ಳ ಎಲ್ಲಿ, ನಮ್ಮ ಮನಿ ಎಲ್ಲಿ. ನನ್ನ ವಯಸ್ಸಿನ ಕುತ್ತಿಗಿನೇ ಒಂದು ಕೊಡಕ್ಕ ಮುರಿದು ಬೀಳತಿತ್ತು. ಎತ್ತು ಕುಡಿಯೋ ಬಾನಿ ತುಂಬಬೇಕಂದ್ರ ಎಷ್ಟು ಸಲ ಹೋಗಿ ಬಂದಿರಬೇಕು ಆ ಮೊಣಕಾಲಿನ ಮ್ಯಾಲೆ. ಚರಿಗಿಲೆ ಗೋರಿ ಗೋರಿ. ಮೀನು ಅಂದ್ರ ಸೆರಗು ಮೂಗಿಗೆ ಹಿಡಿಯೋ ಹೆಂಗಸು. ಕುಡಿಯಾಕ ಇಟ್ಟ ನೀರೂ ಬಿಡದಂಗ ಸುರಿದಾಳ.

"ನಿನ್ನ ಟ್ರಂಕು ಕಟ್ಟಿಟ್ಟೀನಿ" ಅಂದ್ರು. "ಎಲ್ಲಾ ಸೀರಿ ಇಟ್ಟೀನಿ, ಧಾರಿ ಸೀರಿನೂ. ನೀ ಹೋಗವ್ವ. ನಾನಾಗಲಿ ಕೊಟ್ರ ಆಗಲಿ ಒಂದು ಮಾತು ಅನ್ನಂಗಿಲ್ಲ. ನನ್ನ ಕಾಲದಾಗ ಇರ್ತೀಯೋ ಹೋಗ್ತೀಯೋ ಅಂತ ನನ್ನ ಯಾರೂ ಕೇಳಲಿಲ್ಲ, ನೀನಾದ್ರೂ ನಿನ್ನ ಮನಸಿನಂಗ ಮಾಡು."

ಪಡಸಾಲ್ಯಾಗಿಂದ ಅಣ್ಣ ಮತ್ತ ಕೂಗಿದ, "ದಾಕ್ಷಾ, ನೀರೇ."

ನಾನು ಬಾವಿಗೆ ಕೊಡ ಇಳಿಬಿಟ್ಟೆ. ಎಂಥದೋ ಮಂಪರಿನ್ಯಾಗ ಇದ್ದಂಗಿತ್ತು. ಹಗ್ಗ ನನ್ನ ಕೈಯಾಗ ಓಡೋದು, ಕೆಳಗ ಎಲ್ಲೋ ಕೊಡ ಬುಳಕ್ ಅಂದದ್ದು, ಎಲ್ಲ ಮೆಲ್ಲಕ ಆಗಾಕತ್ತಿತ್ತು. ಸೇದಿದ ನೀರನ್ನ ಬಾನಿಗೆ ಸಣ್ಣ ಧಾರಿ ಮಾಡಿ ಬಿಟ್ಟೆ, ಮೂಲ್ಯಾಗ ನಿಂತ ಮೀನಿನ ಮೈಗೆ ಹತ್ತೋ ಹಂಗ. ಇನ್ನೊಂದು ಕೊಡ ಸೇದಿದೆ. ಅದನ್ನೂ ಹಂಗೇ ಬಿಟ್ಟೆ. ಅತ್ತಿ ಎದ್ದು ಬಂದು ನನ್ನ ಹಿಂದ ನಿಂತು ಹಗ್ಗದ ತುದಿ ಹಿಡಕೊಂಡ್ರು. ಸಿಹಿನೀರು ದಂಡಿ ದಾಟಿ ಹರಿದು ಬಾನಿ ಅರ್ಧ ಸವಳಾದಾಗ ತಾಯಿ ಮೀನು ಒಂದು ರೆಕ್ಕಿ ಬಿಚ್ಚಿತು. ಅದರ ಹೊಟ್ಟಿ ಕೆಳಗ ಏನೋ ಅಲುಗಿತು. ಬಗ್ಗಿ ನೋಡಿದೆ. ಬೆರಳೆಣಿಕಿ ಮರಿ, ತಾಯಿ ಪಕ್ಕಿಗೆ ಅಂಟಿಕೊಂಡು ಇನ್ನೂ ಚೀಪತಿದ್ವು. ಉಳಿದ್ವು ಅನ್ನಲೋ, ಸತ್ವು ಅನ್ನಲೋ. ಹೂ ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ.

ಅದೇ ಕೊಡದಿಂದ ಚರಿಗಿ ತುಂಬಿಕೊಂಡು ಹೋಗಿ ಅಣ್ಣನ ಕೈಗೆ ಕೊಟ್ಟೆ. ಒಂದು ಗುಟುಕು ಬಾಯಿಗೆ ಹಾಕ್ಕೊಂಡವನೇ ಅಂಗಳಕ್ಕ ಓಡಿ ಉಗುಳಿದ.

"ಏನೇ ಇದು, ಉಪ್ಪು!"

"ನಮ್ಮ ಬಾವಿ ನೀರಣ್ಣ" ಅಂದೆ. "ಸಿಹಿನೀರು ಬಾಣಂತಿಗೆ ಖರ್ಚಾಗೈತಿ. ಇವತ್ತೊಂದಿನ ಇದನ್ನೇ ಕುಡಿ."

ಅವನಿಗೆ ಏನೂ ತಿಳೀಲಿಲ್ಲ, ನಮ್ಮ ಮನಿಯವರ ಮುಖ ನೋಡಿದ. ನಮ್ಮ ಮನಿಯವರು ಕೊಡ ಎತ್ತಿಕೊಂಡು ಹಳ್ಳದ ದಾರಿ ಹಿಡಿದ್ರು.

ಮಾರನೇ ದಿನ ಮುಂಜಾನೆ ಹೊರಡೋ ಹೊತ್ತಿಗೆ ಅತ್ತಿನ ಬಾನಿ ಹತ್ರ ಕರಕೊಂಡು ಹೋದೆ. ಜೋಡಿಗೆ ಬಣ್ಣ ತಿರುಗಿ ಬಂದಿತ್ತು. "ಇಬ್ರನ್ನೂ, ಉಳಿದ ಮರಿನೂ ನೋಡ್ಕೊಳ್ರಿ ಅತ್ತಿ. ಬಾವಿ ನೀರು ಬಿಟ್ಟು ಬ್ಯಾರೆ ಏನೂ ಹಾಕಬ್ಯಾಡ್ರಿ" ಅಂದೆ.

"ಮತ್ತ ನನ್ನ ಕೈಯಾಗೇ ಬಿಟ್ಟು ಹೋಗ್ತಿಯೇನು?" ಅಂದ್ರು.

"ಇನ್ಯಾರ ಕೈಯಾಗ ಬಿಡ್ಲಿ? ಶ್ರಾವಣಕ್ಕ ಬಂದು ಕೇಳ್ತೀನಿ ನಿಮ್ಮನ್ನೇ."

ಅತ್ತಿ ಒಳಗ ಹೋಗಿ ನನ್ನ ಟ್ರಂಕಿನ ಮುಂದ ಕೂತು ಕೊಂಡಿ ತಗದ್ರು. ಧಾರಿ ಸೀರಿ ಹೊರಗ ತಗದು ತಮ್ಮ ಪೆಟ್ಟಿಗ್ಯಾಗ ಇಟ್ರು. ಇಳಕಲ್ ಸೀರಿ ಹೊರಗ ತಗದ್ರು. ಒಂದೊಂದೇ ತಗದು, ಮಡಚಿ ಒತ್ತಿ, ಪಕ್ಕಕ್ಕ ಇಡ್ತಾ ಹೋದ್ರು. ತಳದಾಗ ನಾಕು ದಿನದುಡುಗಿ ಸೀರಿ ಉಳಿದಾಗ ಟ್ರಂಕು ಮುಚ್ಚಿ, ಅಣ್ಣನ ಕಡಿ ಸರಿಸಿ, "ಒಂದು ತಿಂಗಳಿಗೆ ಇಷ್ಟು ಸಾಕು" ಅಂದ್ರು.